ಶೇಂಗಾ ಒಗ್ಗದ ಮಗುವಿಗೆ ಬಾದಾಮಿ ನಾನ್‌ಖಟಾಯಿ ಕೊಡಬಹುದೇ?



ದ್ವಿತೀಯ ಪಿಯುಸಿ ಜೀವಶಾಸ್ತ್ರದ ‘ಮಾನವನ ಆರೋಗ್ಯ ಮತ್ತು ರೋಗ’ ಅಧ್ಯಾಯದಲ್ಲಿ ಅಲರ್ಜಿಯ ಬಗ್ಗೆ ಇರುವುದು ಸ್ವಲ್ಪವೇ. ಐಜಿಇ, ಮಾಸ್ಟ್ ಕೋಶ, ಹಿಸ್ಟಮೈನ್ ಎಂಬ ಮೂರು ಪದಗಳನ್ನು ಸರಿಯಾಗಿ ಬರೆದರೆ ಅಂಕ ಸಿಗುತ್ತದೆ. ಆದರೆ ಅಲರ್ಜಿ ಇರುವ ಮಗುವೊಂದು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದರೆ, ಆ ಮೂರು ಪದಗಳು ಅಡುಗೆಮನೆಯವರೆಗೂ ಬರುತ್ತವೆ. ಈದ್ ಬರಲಿ, ದೀಪಾವಳಿ ಬರಲಿ, ತಟ್ಟೆ ತುಂಬ ತಿಂಡಿ ಮನೆಯಿಂದ ಮನೆಗೆ ಹೋಗುತ್ತದೆ. ಆಗ ಕೇಳಬೇಕಾದ ಪ್ರಶ್ನೆ ಇದು: ಶೇಂಗಾ ಅಲರ್ಜಿ ಇರುವ ಮಗುವಿಗೆ ಬಾದಾಮಿ, ಗೋಡಂಬಿ ಹಾಕಿದ ಬಿಸ್ಕತ್ತು ಮಾಡಿಕೊಡಬಹುದೇ?

ಉತ್ತರವನ್ನು ಮೊದಲೇ ಹೇಳಿಬಿಡೋಣ. ಕೊಡಬಹುದು, ಆದರೆ ಮೂರು ಷರತ್ತುಗಳಿವೆ. ಒಂದು, ಆ ಬೀಜ ಆ ಮಗುವಿಗೆ ಒಗ್ಗುತ್ತದೆ ಎಂದು ವೈದ್ಯರು ಖಚಿತಪಡಿಸಿರಬೇಕು. ಎರಡು, ಅಂಗಡಿಯಿಂದ ತಂದ ಬಾದಾಮಿಗೆ ಶೇಂಗಾ ಸೋಂಕಿರಬಾರದು. ಮೂರು, ನಮ್ಮ ಅಡುಗೆಮನೆಯಲ್ಲಿಯೂ ಸೋಂಕಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಉತ್ತರ ‘ಬೇಡ’ ಎಂದಾಗುತ್ತದೆ. ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಶೇಂಗಾ ಯಾವ ಕುಟುಂಬದ್ದು?

ಶೇಂಗಾದ ಸಸ್ಯಶಾಸ್ತ್ರೀಯ ಹೆಸರು ಅರಾಕಿಸ್ ಹೈಪೋಜಿಯ. ಹೈಪೋಜಿಯ ಎಂದರೆ ನೆಲದಡಿಯದು. ಇದರ ಮೂಲ ದಕ್ಷಿಣ ಅಮೆರಿಕ. ಹೂವು ಮಣ್ಣಿನ ಮೇಲೆ ಅರಳುತ್ತದೆ. ಪರಾಗಸ್ಪರ್ಶವಾದ ಮೇಲೆ ಅಂಡಾಶಯದ ಬುಡ ಒಂದು ಸೂಜಿಯಂತೆ ಉದ್ದವಾಗಿ ಮಣ್ಣಿನೊಳಗೆ ಇಳಿಯುತ್ತದೆ. ಕಾಯಿ ಅಲ್ಲಿಯೇ ಬಲಿಯುತ್ತದೆ. ಗಿಡವನ್ನು ಕಿತ್ತು ನೋಡಿದರೆ ಬೇರಿನಲ್ಲಿ ಸಾರಜನಕ ಸ್ಥಿರೀಕರಿಸುವ ಗಂಟುಗಳು ಕಾಣುತ್ತವೆ. ಇದು ತೊಗರಿ, ಕಡಲೆ, ಹೆಸರು, ಅವರೆಗಳ ಬಳಗ. ಅಂದರೆ ದ್ವಿದಳ ಧಾನ್ಯಗಳ ಫ್ಯಾಬೇಸಿ ಕುಟುಂಬ.

ಇಂಗ್ಲಿಷಿನವರು ಇದನ್ನು ‘ನಟ್’ ಎಂದು ಕರೆದು ಗೊಂದಲ ಮಾಡಿದರು. ನಮ್ಮ ಭಾಷೆಗಳು ಈ ವಿಷಯದಲ್ಲಿ ಹೆಚ್ಚು ಸರಿ. ಕನ್ನಡದಲ್ಲಿ ಕಡಲೆಕಾಯಿ, ಕರಾವಳಿಯಲ್ಲಿ ನೆಲಗಡಲೆ. ಉರ್ದು, ಹಿಂದಿಯಲ್ಲಿ ಮೂಂಗ್‌ಫಲಿ. ಒಂದು ಹೆಸರಿನಲ್ಲಿ ಕಡಲೆ ಇದೆ, ಇನ್ನೊಂದರಲ್ಲಿ ಹೆಸರುಕಾಳು ಇದೆ. ಆದರೆ ನಾವೂ ಇದಕ್ಕೆ ‘ಬಡವರ ಬಾದಾಮಿ’ ಎಂಬ ಅಡ್ಡಹೆಸರು ಕೊಟ್ಟಿದ್ದೇವೆ. ಈ ಅಡ್ಡಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮರದ ಬೀಜಗಳು ಬೇರೆ ಬೇರೆ ಕುಟುಂಬಕ್ಕೆ ಸೇರಿವೆ. ಬಾದಾಮಿ ಗುಲಾಬಿಯ ರೋಸೇಸಿ ಕುಟುಂಬದ್ದು. ಪೀಚ್, ಪ್ಲಮ್, ಏಪ್ರಿಕಾಟ್‌ಗಳು ಅದರ ಹತ್ತಿರದ ನೆಂಟರು. ಗೋಡಂಬಿ ಮತ್ತು ಪಿಸ್ತಾ ಮಾವಿನ ಅನಕಾರ್ಡಿಯೇಸಿ ಕುಟುಂಬದವು. ಅಕ್ರೋಟ್ ಮತ್ತು ಪೆಕಾನ್ ಜಗ್ಲಾಂಡೇಸಿ ಕುಟುಂಬದವು. ಹೇಜಲ್‌ನಟ್ ಬರ್ಚ್ ಮರದ ಬೆಟುಲೇಸಿ ಕುಟುಂಬದ್ದು. ಆದ್ದರಿಂದ ‘ಶೇಂಗಾ ಆಗದು, ಹಾಗಾದರೆ ಬಾದಾಮಿಯೂ ಆಗದು’ ಎಂಬ ತರ್ಕಕ್ಕೆ ಸಸ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಸಂಬಂಧವನ್ನಷ್ಟೇ ನೋಡಿದರೆ ಶೇಂಗಾಕ್ಕೆ ಬಾದಾಮಿಗಿಂತ ತೊಗರಿಬೇಳೆ ಹತ್ತಿರ. ಆದರೂ ಶೇಂಗಾ ಅಲರ್ಜಿ ಇರುವ ಬಹುಪಾಲು ಮಕ್ಕಳು ಬೇಳೆ ಸಾರು ಉಂಡು ಚೆನ್ನಾಗಿರುತ್ತಾರೆ. ಕುಟುಂಬವೊಂದನ್ನೇ ನೋಡಿ ಅಲರ್ಜಿಯನ್ನು ಊಹಿಸಲಾಗದು ಎಂಬುದಕ್ಕೆ ಇದೇ ಸಾಕ್ಷಿ.

ದೇಹದೊಳಗೆ ಏನಾಗುತ್ತದೆ?

‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಬಳಕೆಗೆ ತಂದರು. ಅದಕ್ಕೂ ಮೊದಲು, 1902ರಲ್ಲಿ, ಫ್ರಾನ್ಸಿನ ಷಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಕಡಲ ಅನಿಮೋನ್‌ನ ವಿಷದ ಪ್ರಯೋಗ ಮಾಡುತ್ತಿದ್ದಾಗ ಒಂದು ವಿಚಿತ್ರ ಕಂಡರು. ಮೊದಲ ಬಾರಿ ವಿಷ ಪಡೆದು ಚೇತರಿಸಿಕೊಂಡ ನಾಯಿ, ಕೆಲವು ವಾರಗಳ ನಂತರ ಅತಿ ಕಡಿಮೆ ಪ್ರಮಾಣಕ್ಕೇ ಸತ್ತಿತು. ಈ ತೀವ್ರ ಪ್ರತಿಕ್ರಿಯೆಗೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಾಯಿತು. 1913ರಲ್ಲಿ ರಿಶೆಗೆ ನೊಬೆಲ್ ಪ್ರಶಸ್ತಿ ಬಂತು. ಇದಕ್ಕೆ ಕಾರಣವಾದ ಐಜಿಇ ಪ್ರತಿಕಾಯ ಪತ್ತೆಯಾದದ್ದು 1960ರ ದಶಕದಲ್ಲಿ.

ಕ್ರಮ ಹೀಗಿದೆ. ಮೊದಲ ಸಂಪರ್ಕದಲ್ಲಿ ದೇಹ ಶೇಂಗಾದ ಪ್ರೋಟೀನನ್ನು ಶತ್ರು ಎಂದು ತಪ್ಪಾಗಿ ಗುರುತಿಸಿ ಐಜಿಇ ತಯಾರಿಸುತ್ತದೆ. ಆ ಐಜಿಇ ಮಾಸ್ಟ್ ಕೋಶಗಳ ಮೇಲೆ ಹೋಗಿ ಕೂರುತ್ತದೆ. ಇದನ್ನು ಸಂವೇದನೀಕರಣ ಎನ್ನುತ್ತೇವೆ. ಆಗ ಯಾವ ಲಕ್ಷಣವೂ ಕಾಣದು. ಮುಂದಿನ ಸಂಪರ್ಕದಲ್ಲಿ ಶೇಂಗಾ ಪ್ರೋಟೀನು ಆ ಐಜಿಇಗಳಿಗೆ ಅಂಟಿಕೊಂಡರೆ, ಮಾಸ್ಟ್ ಕೋಶಗಳು ಒಡೆದ ಚೀಲದಂತೆ ಹಿಸ್ಟಮೈನ್ ಮೊದಲಾದ ರಾಸಾಯನಿಕಗಳನ್ನು ಸುರಿಸುತ್ತವೆ. ಚರ್ಮದಲ್ಲಿ ದದ್ದು, ತುಟಿಯಲ್ಲಿ ಊತ, ಹೊಟ್ಟೆಯಲ್ಲಿ ನೋವು ಮತ್ತು ವಾಂತಿ, ಶ್ವಾಸನಾಳದಲ್ಲಿ ಬಿಗಿತ, ರಕ್ತದೊತ್ತಡದಲ್ಲಿ ಕುಸಿತ ಎಲ್ಲವೂ ಇದರಿಂದಲೇ.

ಒಂದು ಶೇಂಗಾ ಬೀಜದಲ್ಲಿ ಸುಮಾರು 250 ಮಿಲಿಗ್ರಾಂ ಪ್ರೋಟೀನು ಇರುತ್ತದೆ. ಕೆಲವು ಮಕ್ಕಳಿಗೆ ಪ್ರತಿಕ್ರಿಯೆ ಬರಲು ಕೆಲವೇ ಮಿಲಿಗ್ರಾಂ ಸಾಕು. ಅಂದರೆ ಒಂದು ಬೀಜದ ನೂರನೇ ಒಂದು ಪಾಲು. ಮಿಕ್ಸಿ ಜಾರಿನ ಬ್ಲೇಡಿನಡಿಯಲ್ಲಿ ಉಳಿದ ಚಟ್ನಿಪುಡಿ ಇದಕ್ಕಿಂತ ಹೆಚ್ಚೇ ಇರುತ್ತದೆ.

ಕುಟುಂಬ ಬೇರೆಯಾದರೂ ಪರೀಕ್ಷೆ ಏಕೆ ಬೇಕು?

ಶೇಂಗಾ ಅಲರ್ಜಿ ಇರುವ ಎಷ್ಟೋ ಮಕ್ಕಳಿಗೆ ಒಂದೋ ಎರಡೋ ಮರದ ಬೀಜಗಳಿಗೂ ಅಲರ್ಜಿ ಇರುತ್ತದೆ. ಹಲವು ಅಧ್ಯಯನಗಳಲ್ಲಿ ಈ ಪ್ರಮಾಣ ಶೇಕಡಾ 20ರಿಂದ 40ರಷ್ಟು ಕಂಡುಬಂದಿದೆ. ಕಾರಣ ಎರಡು. ಅಲರ್ಜಿಯ ಪ್ರವೃತ್ತಿ ಇರುವ ದೇಹ ಒಂದಕ್ಕಿಂತ ಹೆಚ್ಚು ಆಹಾರಕ್ಕೆ ಐಜಿಇ ತಯಾರಿಸುವುದು ಸಾಮಾನ್ಯ. ಜೊತೆಗೆ, ಬೀಜ ಯಾವುದೇ ಇರಲಿ, ಮೊಳಕೆಗೆಂದು ಕೂಡಿಟ್ಟ ಪ್ರೋಟೀನುಗಳ ರಚನೆಯಲ್ಲಿ ಹೋಲಿಕೆ ಇರುತ್ತದೆ. ಶೇಂಗಾದ ಅರಾ ಎಚ್ 2 ಎಂಬ ಪ್ರೋಟೀನು ಇಂಥ ಸಂಗ್ರಹ ಪ್ರೋಟೀನು. ಅದೇ ವರ್ಗದ ಪ್ರೋಟೀನುಗಳು ಗೋಡಂಬಿಯಲ್ಲೂ ಅಕ್ರೋಟಿನಲ್ಲೂ ಇವೆ.

ಮರದ ಬೀಜಗಳೊಳಗೆ ಎರಡು ಜೋಡಿಗಳನ್ನು ನೆನಪಿಡಿ. ಗೋಡಂಬಿ–ಪಿಸ್ತಾ ಒಂದು ಜೋಡಿ, ಅಕ್ರೋಟ್–ಪೆಕಾನ್ ಇನ್ನೊಂದು. ಜೋಡಿಯಲ್ಲಿ ಒಂದಕ್ಕೆ ಅಲರ್ಜಿ ಇದ್ದರೆ ಇನ್ನೊಂದಕ್ಕೂ ಇರುವ ಸಾಧ್ಯತೆ ಬಹಳ ಹೆಚ್ಚು. ಇಲ್ಲಿ ಕುಟುಂಬದ ಸಂಬಂಧ ನಿಜಕ್ಕೂ ಕೆಲಸ ಮಾಡುತ್ತದೆ.

ವೈದ್ಯರು ಮೊದಲು ಮಗುವಿನ ಹಿಂದಿನ ಅನುಭವ ಕೇಳುತ್ತಾರೆ. ಆಮೇಲೆ ಚರ್ಮ ಚುಚ್ಚು ಪರೀಕ್ಷೆ ಅಥವಾ ರಕ್ತದಲ್ಲಿ ಐಜಿಇ ಪರೀಕ್ಷೆ ಮಾಡಿಸುತ್ತಾರೆ. ಪರೀಕ್ಷೆ ಪಾಸಿಟಿವ್ ಬಂದರೆ ಸಂವೇದನೀಕರಣ ಆಗಿದೆ ಎಂದರ್ಥ. ಅಲರ್ಜಿ ಇದ್ದೇ ಇದೆ ಎಂದಲ್ಲ. ಸಂದೇಹ ಉಳಿದರೆ ಆಸ್ಪತ್ರೆಯಲ್ಲಿ, ಔಷಧ ಸಿದ್ಧವಿಟ್ಟುಕೊಂಡು, ಮಗುವಿಗೆ ಆ ಆಹಾರವನ್ನು ಕಡಿಮೆ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ತಿನ್ನಿಸಿ ನೋಡುತ್ತಾರೆ. ಈ ತಿನ್ನಿಸಿ ನೋಡುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಬಾರದು. ‘ಒಂದು ಚೂರು ಕೊಟ್ಟು ನೋಡೋಣ’ ಎನ್ನುವುದು ಪ್ರೀತಿಯಿಂದ ಹೇಳುವ ಮಾತೇ ಇರಬಹುದು, ಆದರೆ ಅಪಾಯ ಶುರುವಾಗುವುದು ಅಲ್ಲಿಂದಲೇ.

ಹಾಗೆಂದು ಭಯಕ್ಕೆ ಎಲ್ಲವನ್ನೂ ಬಿಡಿಸುವುದೂ ಸರಿಯಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಗಿಡಿಯನ್ ಲ್ಯಾಕ್ ಅವರ ತಂಡ 2015ರಲ್ಲಿ ಪ್ರಕಟಿಸಿದ ‘ಲೀಪ್’ ಅಧ್ಯಯನವನ್ನು ನೋಡಿ. ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ 4ರಿಂದ 11 ತಿಂಗಳ 640 ಶಿಶುಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಶೇಂಗಾ ಆಹಾರ ಕೊಟ್ಟರು, ಇನ್ನೊಂದಕ್ಕೆ ಪೂರ್ತಿ ಬಿಡಿಸಿದರು. ಆರಂಭದ ಚರ್ಮ ಪರೀಕ್ಷೆಯಲ್ಲಿ ನೆಗೆಟಿವ್ ಇದ್ದ ಮಕ್ಕಳಲ್ಲಿ, 5 ವರ್ಷವಾಗುವ ಹೊತ್ತಿಗೆ ಬಿಟ್ಟವರಲ್ಲಿ ಶೇಕಡಾ 13.7, ತಿಂದವರಲ್ಲಿ ಶೇಕಡಾ 1.9 ಮಂದಿಗೆ ಶೇಂಗಾ ಅಲರ್ಜಿ ಬಂದಿತ್ತು. ಇದು ಅಲರ್ಜಿ ಬರದಂತೆ ತಡೆಯುವ ಅಧ್ಯಯನ, ಬಂದ ಅಲರ್ಜಿಗೆ ಚಿಕಿತ್ಸೆಯಲ್ಲ. ಆದರೂ ಅದರ ಪಾಠ ಸ್ಪಷ್ಟ: ಕಾರಣವಿಲ್ಲದೆ ಬಿಡಿಸುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಈಗಾಗಲೇ ತೊಂದರೆಯಿಲ್ಲದೆ ಬಾದಾಮಿ ತಿನ್ನುತ್ತಿರುವ ಮಗುವಿಗೆ, ಶೇಂಗಾ ಅಲರ್ಜಿ ಗೊತ್ತಾದ ಕೂಡಲೇ ನಾವಾಗಿಯೇ ಬಾದಾಮಿ ನಿಲ್ಲಿಸುವ ಬದಲು ವೈದ್ಯರನ್ನು ಕೇಳಬೇಕು.

ಓವನ್ನಿನ ಬಿಸಿಗೆ ಅಲರ್ಜಿ ಸುಟ್ಟುಹೋಗುವುದಿಲ್ಲವೇ?

ತರಗತಿಯಲ್ಲಿ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು, ಒಳ್ಳೆಯ ಪ್ರಶ್ನೆಯೂ ಹೌದು. ಬಿಸಿಗೆ ಪ್ರೋಟೀನಿನ ಆಕಾರ ಬಿಚ್ಚಿಕೊಳ್ಳುತ್ತದೆ ಎಂದು ನೀವು ಕಲಿತಿದ್ದೀರಿ. ಹಾಲು, ಮೊಟ್ಟೆಯ ಅಲರ್ಜಿ ಇರುವ ಹಲವು ಮಕ್ಕಳು ಕೇಕಿನಲ್ಲಿ ಚೆನ್ನಾಗಿ ಬೆಂದ ಹಾಲು, ಮೊಟ್ಟೆಯನ್ನು ತಾಳಿಕೊಳ್ಳುವುದು ಈ ಕಾರಣದಿಂದಲೇ. ಶೇಂಗಾದ ವಿಷಯ ಹಾಗಲ್ಲ. ಅರಾ ಎಚ್ 2 ಪ್ರೋಟೀನಿನಲ್ಲಿ ಡೈಸಲ್ಫೈಡ್ ಬಂಧಗಳು ಬಿಗಿಯಾಗಿ ಕಟ್ಟಿಕೊಂಡಿವೆ. ಬಿಸಿಗೂ ಜಠರದ ಕಿಣ್ವಕ್ಕೂ ಅದು ಸುಲಭವಾಗಿ ಜಗ್ಗದು. ಶೇಂಗಾವನ್ನು ಒಣದಾಗಿ ಹುರಿದಾಗ ಸಕ್ಕರೆ ಮತ್ತು ಪ್ರೋಟೀನು ಸೇರಿ ನಡೆಯುವ ಮೇಯ್ಲಾರ್ಡ್ ಕ್ರಿಯೆಯಿಂದ ಐಜಿಇಗೆ ಅಂಟುವ ಗುಣ ಇನ್ನೂ ಹೆಚ್ಚುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಆದ್ದರಿಂದ ಬೇಯಿಸಿದೆವು, ಹುರಿದೆವು, ಸುಟ್ಟೆವು ಎಂಬುದು ರಕ್ಷಣೆಯಲ್ಲ.

ಅಂಗಡಿಯಲ್ಲಿ

ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮದಂತೆ ಪೊಟ್ಟಣದ ಆಹಾರದ ಮೇಲೆ ಅಲರ್ಜಿಕಾರಕಗಳನ್ನು ನಮೂದಿಸಬೇಕು. ಗ್ಲುಟೆನ್ ಇರುವ ಧಾನ್ಯ, ಸೀಗಡಿ ಏಡಿಯಂಥ ಚಿಪ್ಪುಜೀವಿ, ಹಾಲು, ಮೊಟ್ಟೆ, ಮೀನು, ಶೇಂಗಾ ಮತ್ತು ಮರದ ಬೀಜ, ಸೋಯಾ, ಜೊತೆಗೆ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿನ ಸಲ್ಫೈಟ್ ಈ ಪಟ್ಟಿಯಲ್ಲಿವೆ. ‘ಕಂಟೇನ್ಸ್’ ಎಂದಿದ್ದರೆ ಆ ವಸ್ತು ಒಳಗೆ ಇದೆ. ‘ಮೇ ಕಂಟೇನ್’ ಎಂದಿದ್ದರೆ ತಯಾರಿಕೆಯ ವೇಳೆ ಸೋಂಕಿರಬಹುದು. ಎರಡನೆಯದನ್ನೂ ಶೇಂಗಾ ಅಲರ್ಜಿಯ ಮನೆಯವರು ‘ಬೇಡ’ ಎಂದೇ ಓದಬೇಕು. ‘ನಟ್ಸ್’ ಎಂದಷ್ಟೇ ಬರೆದಿದ್ದರೆ ಯಾವ ನಟ್ ಎಂದು ತಿಳಿಯದು. ಆ ಪೊಟ್ಟಣವನ್ನು ಬಿಟ್ಟುಬಿಡಿ.

ಬಿಡಿಯಾಗಿ ತೂಗಿ ಕೊಡುವ ಬಾದಾಮಿಗೆ ಲೇಬಲ್ಲೇ ಇಲ್ಲ. ಶೇಂಗಾ ಚೀಲಕ್ಕೆ ಹಾಕಿದ ಅಳತೆಯ ಡಬ್ಬವನ್ನೇ ಬಾದಾಮಿ ಚೀಲಕ್ಕೂ ಹಾಕುತ್ತಾರೆ, ತಕ್ಕಡಿಯೂ ಒಂದೇ. ಇಲ್ಲಿಯೇ ಆ ‘ಬಡವರ ಬಾದಾಮಿ’ ನೆನಪಾಗಬೇಕು. ಶೇಂಗಾದ ಬೆಲೆ ಬಾದಾಮಿ, ಪಿಸ್ತಾಗಳಿಗಿಂತ ಬಹಳ ಕಡಿಮೆ. ಪುಡಿಯಾದ ಮೇಲೆ ಗುರುತು ಹಿಡಿಯುವುದೂ ಕಷ್ಟ. ಹಸಿರು ಬಣ್ಣ ಹಾಕಿದ ಶೇಂಗಾ ಚೂರನ್ನು ಪಿಸ್ತಾ ಎಂದು ಮಾರಿದ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾಗಿವೆ. 2014ರ ಕೊನೆಯಿಂದ 2015ರವರೆಗೆ ಅಮೆರಿಕದಲ್ಲಿ ಜೀರಿಗೆ ಪುಡಿಯಲ್ಲೇ ಶೇಂಗಾ ಪ್ರೋಟೀನು ಸಿಕ್ಕಿ, ಅದನ್ನು ಬಳಸಿದ ಹಲವು ಉತ್ಪನ್ನಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು.

ಹಾಗಾದರೆ ನಿಯಮ ಸರಳ. ಪುಡಿ, ಚೂರು, ಪೇಸ್ಟ್ ಕೊಳ್ಳಬೇಡಿ. ಲೇಬಲ್ ಓದಿ, ಮುಚ್ಚಿದ ಪೊಟ್ಟಣದ ಇಡೀ ಬಾದಾಮಿಯನ್ನೇ ತಂದು ಮನೆಯಲ್ಲಿ ಪುಡಿ ಮಾಡಿ. ಬೇಕರಿಯ ಬಾದಾಮಿ ಬಿಸ್ಕತ್ತು ಬೇಡ. ಒಂದೇ ಟ್ರೇ, ಒಂದೇ ಮೇಜಿನ ಮೇಲೆ ಶೇಂಗಾ ಬಿಸ್ಕತ್ತೂ ತಯಾರಾಗಿರಬಹುದು. ಗಾಣದ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಉಳಿದಿರುತ್ತದೆ, ಆದ್ದರಿಂದ ಅದೂ ಬೇಡ.

ಅಡುಗೆಮನೆಯಲ್ಲಿ

ನಮ್ಮ ಊರಿನ ಅಡುಗೆಮನೆಯಲ್ಲಿ ಶೇಂಗಾ ಇಲ್ಲದ ಜಾಗ ಕಡಿಮೆ. ಉತ್ತರ ಕರ್ನಾಟಕದ ಮನೆಯಲ್ಲಿ ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ. ಮೈಸೂರು, ಬೆಂಗಳೂರು ಕಡೆ ಚಿತ್ರಾನ್ನ, ಅವಲಕ್ಕಿ, ಚಿಕ್ಕಿ. ಹೀಗಾಗಿ ಅಪಾಯ ಹೆಚ್ಚಾಗಿ ಬರುವುದು ಪಾತ್ರೆಯಿಂದ.

ಅಡುಗೆಯ ದಿನ ಮೊದಲು ಆ ಮಗುವಿನ ಬಿಸ್ಕತ್ತು ಮಾಡಿ, ಉಳಿದದ್ದೆಲ್ಲ ಆಮೇಲೆ. ಮಿಕ್ಸಿ ಜಾರಿನ ಬ್ಲೇಡು ಮತ್ತು ರಬ್ಬರ್ ಉಂಗುರವನ್ನು ಬಿಚ್ಚಿ ಸಾಬೂನಿನಿಂದ ತೊಳೆಯಿರಿ. ಸಾಧ್ಯವಾದರೆ ಒಂದು ಜಾರನ್ನು ಅದಕ್ಕೆಂದೇ ಮೀಸಲಿಡಿ. ಬಿರುಕು ಬಿಟ್ಟ ಮರದ ಸೌಟು, ಮಣೆ, ಲಟ್ಟಣಿಗೆಗಳನ್ನು ಬಳಸಬೇಡಿ. ಕೈ ತೊಳೆಯುವುದು ಸಾಬೂನಿನಿಂದಲೇ ಆಗಬೇಕು. ಬರೀ ನೀರಾಗಲಿ, ಸ್ಯಾನಿಟೈಸರ್ ಆಗಲಿ ಶೇಂಗಾದ ಪ್ರೋಟೀನನ್ನು ಪೂರ್ತಿ ತೆಗೆಯುವುದಿಲ್ಲ. ಸ್ಯಾನಿಟೈಸರ್ ರೋಗಾಣುವನ್ನು ಕೊಲ್ಲುತ್ತದೆ. ಪ್ರೋಟೀನಿಗೆ ಜೀವವಿಲ್ಲ, ಅದನ್ನು ತೊಳೆದೇ ತೆಗೆಯಬೇಕು.

ಬಾದಾಮಿ ನಾನ್‌ಖಟಾಯಿ

ಮಗುವಿಗೆ ಬಾದಾಮಿ ಒಗ್ಗುತ್ತದೆ ಎಂದು ಖಚಿತವಾಗಿದ್ದರೆ ಮಾತ್ರ ಇದನ್ನು ಮಾಡಿ. ಇದರಲ್ಲಿ ಗೋಧಿ ಮತ್ತು ಹಾಲಿನ ಅಂಶವೂ ಇದೆ ಎಂಬುದು ಗಮನದಲ್ಲಿರಲಿ.

ಬೇಕಾಗುವ ಸಾಮಗ್ರಿ: ಬಾದಾಮಿ 100 ಗ್ರಾಂ, ಮೈದಾ 150 ಗ್ರಾಂ, ತುಪ್ಪ 110 ಗ್ರಾಂ, ಪುಡಿ ಸಕ್ಕರೆ 100 ಗ್ರಾಂ, ಬೇಕಿಂಗ್ ಪೌಡರ್ ಕಾಲು ಚಮಚ, ಮನೆಯಲ್ಲೇ ಕುಟ್ಟಿದ ಏಲಕ್ಕಿ ಪುಡಿ ಅರ್ಧ ಚಮಚ, ಚಿಟಿಕೆ ಉಪ್ಪು.

ವಿಧಾನ: ಬಾದಾಮಿಯನ್ನು ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಗಟ್ಟಿ ತುಪ್ಪಕ್ಕೆ ಸಕ್ಕರೆ ಹಾಕಿ ಬಿಳಿಯಾಗಿ ಹಗುರಾಗುವವರೆಗೆ ತಿಕ್ಕಿ. ಉಳಿದದ್ದನ್ನು ಜರಡಿ ಹಿಡಿದು ಬಾದಾಮಿ ಪುಡಿಯೊಡನೆ ಸೇರಿಸಿ, ನಾದದೆ ಮೆಲ್ಲಗೆ ಕೂಡಿಸಿ. 15 ನಿಮಿಷ ತಣ್ಣಗಿಡಿ. 20 ಗ್ರಾಂ ತೂಕದ ಉಂಡೆ ಮಾಡಿ ಸ್ವಲ್ಪ ಒತ್ತಿ, 22ರಷ್ಟು ಬರುತ್ತವೆ. ಟ್ರೇಗೆ ಹೊಸ ಬೇಕಿಂಗ್ ಕಾಗದ ಹಾಸಿ, ಮೊದಲೇ ಕಾಯಿಸಿದ ಓವನ್ನಿನಲ್ಲಿ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 18 ನಿಮಿಷ ಬೇಯಿಸಿ. ಬಿಸಿಯಿರುವಾಗ ಮೆತ್ತಗಿರುತ್ತವೆ, ಆರಿದ ಮೇಲೆ ಗಟ್ಟಿಯಾಗುತ್ತವೆ.

ಬಾದಾಮಿಯಲ್ಲಿ ಗ್ಲುಟೆನ್ ಇಲ್ಲ; ತುಪ್ಪ ಮೈದಾದ ಗ್ಲುಟೆನ್ ಎಳೆಗಳನ್ನೂ ಉದ್ದವಾಗಲು ಬಿಡುವುದಿಲ್ಲ. ಆದ್ದರಿಂದಲೇ ನಾನ್‌ಖಟಾಯಿ ಬಾಯಲ್ಲಿ ಪುಡಿಯಾಗುತ್ತದೆ. ಅಲಂಕಾರಕ್ಕೆ ಇಡೀ ಬಾದಾಮಿ ಒತ್ತಬೇಡಿ. 5 ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಬಾದಾಮಿಯೂ ಒಗ್ಗದ ಮಗುವಾದರೆ ಅದರ ಬದಲು ಹುರಿದ ರಾಗಿ ಹಿಟ್ಟು ಅಥವಾ ಸಣ್ಣ ರವೆ ಹಾಕಬಹುದು. ಡಬ್ಬಿಯ ಮೇಲೆ ಸಾಮಗ್ರಿಗಳನ್ನೆಲ್ಲ ಬರೆದ ಚೀಟಿ ಅಂಟಿಸಿ ಕೊಡಿ. ಮಗುವಿನ ತಾಯಿಗೆ ಆ ಚೀಟಿಯಿಂದಾಗುವ ನೆಮ್ಮದಿ ಬಿಸ್ಕತ್ತಿನ ರುಚಿಗಿಂತ ದೊಡ್ಡದು.

ಪ್ರತಿಕ್ರಿಯೆ ಬಂದರೆ

ಲಕ್ಷಣಗಳು ಸಾಮಾನ್ಯವಾಗಿ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣುತ್ತವೆ. ಉಸಿರಾಟದ ತೊಂದರೆ, ನಿಲ್ಲದ ಕೆಮ್ಮು, ಧ್ವನಿ ಒಡೆಯುವುದು, ನಾಲಿಗೆ ಊದುವುದು, ಮಗು ಬಿಳಿಚಿಕೊಂಡು ಕುಸಿಯುವುದು ಇವು ಅನಾಫಿಲ್ಯಾಕ್ಸಿಸ್‌ನ ಸೂಚನೆಗಳು. ದದ್ದಿನ ಜೊತೆ ಮತ್ತೆ ಮತ್ತೆ ವಾಂತಿಯಾದರೂ ಹಾಗೆಯೇ ತಿಳಿಯಬೇಕು. ಇದಕ್ಕೆ ಮೊದಲ ಔಷಧ ಅಡ್ರಿನಲಿನ್. ಅದನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುತ್ತಾರೆ. ವೈದ್ಯರು ಮಗುವಿಗೆಂದು ಚುಚ್ಚುಪೆನ್ನು ಬರೆದುಕೊಟ್ಟಿದ್ದರೆ, ಹೇಳಿಕೊಟ್ಟ ಹಾಗೆ ತಡಮಾಡದೆ ಬಳಸಿ 108ಕ್ಕೆ ಕರೆ ಮಾಡಿ. ಇಲ್ಲದಿದ್ದರೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಮಗುವನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರಾಟ ಕಷ್ಟವಾದರೆ ಕೂರಿಸಿ, ನಡೆಸಬೇಡಿ. ಅಲರ್ಜಿ ಮಾತ್ರೆ ದದ್ದು, ತುರಿಕೆಯನ್ನು ಇಳಿಸುತ್ತದೆ. ಮುಚ್ಚುತ್ತಿರುವ ಶ್ವಾಸನಾಳವನ್ನು ತೆರೆಯುವುದಿಲ್ಲ. ಮಾತ್ರೆ ಕೊಟ್ಟು ಕಾದು ಕೂರುವುದರಿಂದ ಅಮೂಲ್ಯ ಸಮಯ ಹೋಗುತ್ತದೆ. ಲಕ್ಷಣ ಇಳಿದ ಮೇಲೂ ಕೆಲವು ಗಂಟೆಗಳ ನಂತರ ಮರುಕಳಿಸಬಹುದು, ಆದ್ದರಿಂದ ಆಸ್ಪತ್ರೆಯ ನಿಗಾ ಬೇಕೇ ಬೇಕು.

ನಮ್ಮ ಕೆಲಸ

ತಿಂಡಿ ಹಂಚಿಕೊಳ್ಳುವುದು ನಮ್ಮ ಮನೆಗಳ ಒಳ್ಳೆಯ ರೂಢಿ. ಅಲರ್ಜಿ ಇರುವ ಮಗು ಆ ರೂಢಿಯ ಹೊರಗೆ ನಿಂತು ನೋಡುವಂತಾಗಬಾರದು. ಹಾಗೆಂದು ಅದರ ಬಾಯಿಗೆ ತಿಳಿಯದ ತಿಂಡಿ ಹಾಕಲೂ ಬಾರದು. ಹೆತ್ತವರನ್ನು ಕೇಳಿ ಕೊಡಿ. ಅವರು ಬೇಡ ಎಂದರೆ ಬೇಸರಪಡಬೇಡಿ. ಸಹಪಾಠಿಯೊಬ್ಬ ‘ನನಗೆ ಶೇಂಗಾ ಆಗದು’ ಎಂದರೆ ಅದನ್ನು ನಾಜೂಕು ಎಂದು ನಗಬೇಡಿ, ಚಟ್ನಿಯ ಚಮಚವನ್ನು ಅವನ ಡಬ್ಬಿಗೆ ತಾಕಿಸಬೇಡಿ. ಬಾದಾಮಿ ಬೇರೆ ಗಿಡದ ಬೀಜ ಎಂಬ ತಿಳಿವಳಿಕೆ ವೈದ್ಯರನ್ನು ಕೇಳಿ ನೋಡಲು ಧೈರ್ಯ ಕೊಡುತ್ತದೆ. ತಿನ್ನಿಸುವ ಅನುಮತಿ ಮಾತ್ರ ಪರೀಕ್ಷೆಯಿಂದ, ಲೇಬಲ್ಲಿನಿಂದ ಮತ್ತು ಸಾಬೂನಿನಿಂದ ತೊಳೆದ ಪಾತ್ರೆಯಿಂದ ಬರಬೇಕು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಶೇಂಗಾ, ಬಾದಾಮಿ, ಗೋಡಂಬಿ, ಅಕ್ರೋಟ್‌ಗಳ ಸಸ್ಯ ಕುಟುಂಬಗಳನ್ನು ಬರೆಯಿರಿ.
2. ಸಂವೇದನೀಕರಣಕ್ಕೂ ಅಲರ್ಜಿಗೂ ಇರುವ ವ್ಯತ್ಯಾಸವೇನು?
3. ಒಂದು ಮಗುವಿಗೆ ಗೋಡಂಬಿ ಅಲರ್ಜಿ ಇದೆ. ವೈದ್ಯರನ್ನು ಕೇಳದೆ ಪಿಸ್ತಾ ಏಕೆ ಕೊಡಬಾರದು?
4. ಸ್ಯಾನಿಟೈಸರ್ ರೋಗಾಣುವಿನ ಮೇಲೆ ಕೆಲಸ ಮಾಡಿದರೂ ಶೇಂಗಾ ಪ್ರೋಟೀನಿನ ಮೇಲೆ ಏಕೆ ಸಾಲದು?
5. ನಿಮ್ಮ ಮನೆಯಲ್ಲಿರುವ ಐದು ಪೊಟ್ಟಣಗಳ ಲೇಬಲ್ ಓದಿ, ‘ಕಂಟೇನ್ಸ್’ ಮತ್ತು ‘ಮೇ ಕಂಟೇನ್’ ಎಂದು ಬರೆದಿರುವುದನ್ನು ಪಟ್ಟಿ ಮಾಡಿ ತರಗತಿಗೆ ತನ್ನಿ.